ಮೂರು ಸಲ ತೊಳೆದ ಪುಡಿ

ಜೋಲಾರಪೇಟೆ ದಾಟಿದ ಮೇಲೆ

ಪಾಸ್‌ಪೋರ್ಟ್ ಇಲ್ಲದೆ ಹೋಗಿಬಂದರೆ ಅದೆಂಥ ಪರದೇಶ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನನ್ನ ಲೆಕ್ಕವೇ ಬೇರೆ. ಬಸ್ಸಿನ ಬೋರ್ಡು ಓದಲು ಬಾರದ ಊರೆಲ್ಲ ನನಗೆ ಪರದೇಶ. ತುಮಕೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಹೇಳಿಕೊಡುವ ನಾನು ಮೂವತ್ತಾರು ವರ್ಷವಾದರೂ ಕೋಲಾರದಿಂದಾಚೆ ಕಾಲಿಟ್ಟವಳಲ್ಲ. ೨೦೦೪ರ ಬೇಸಿಗೆಯಲ್ಲಿ ಚೆನ್ನೈಗೆ ಹೊರಟಾಗ ನನ್ನ ಗಂಡ ಕೊಟ್ಟ ಬುದ್ಧಿಮಾತು ಒಂದೇ: “ಅಲ್ಲಿ ಯಾರಾದ್ರೂ ಜೋರಾಗಿ ಮಾತಾಡಿದ್ರೆ ಬೈತಿದಾರೆ ಅಂದ್ಕೋಬೇಡ, ಅವರು ಮಾತಾಡೋದೇ ಹಾಗೆ.” ಅವರೂ ಚೆನ್ನೈ ನೋಡಿದವರಲ್ಲ.

ನನ್ನ ಕೈಚೀಲದಲ್ಲಿ ಒಂದು ಗಾಜಿನ ಬಾಟಲಿಯಿತ್ತು. ಅದರಲ್ಲಿ ಬಿಳಿ ಪುಡಿ, ಸತುವಿನ ಆಕ್ಸೈಡು. ಬೇಸಿಗೆಯಲ್ಲಿ ಬೆವರುಸಾಲೆಗೆ ಹಚ್ಚುವ ಪೌಡರಿನ ಡಬ್ಬಿಯಲ್ಲೂ ಇರುವ ಸಾಧಾರಣ ವಸ್ತು ಅದು. ನಮ್ಮದು ಮಾತ್ರ ಬಹಳ ನುಣ್ಣಗೆ ತಯಾರಾದದ್ದು; ಒಂದು ತಲೆಗೂದಲಿನ ಅಗಲದಲ್ಲಿ ಸಾವಿರಕ್ಕೂ ಹೆಚ್ಚು ಕಣ ಸಾಲಾಗಿ ನಿಲ್ಲಬಹುದಾದಷ್ಟು ನುಣುಪು. ಅಷ್ಟು ಸಣ್ಣದಾದರೆ ಈ ಸಾಧು ಪುಡಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಬರುತ್ತದೆ ಎಂಬುದು ನನ್ನ ಐದು ವರ್ಷದ ಪಿಎಚ್.ಡಿ. ಕೆಲಸ. ಪತ್ರಿಕೆಯೊಂದು ನಮ್ಮ ಲೇಖನವನ್ನು ಒಪ್ಪಿಯೂ ಆಗಿತ್ತು. ದೊಡ್ಡ ಸೂಕ್ಷ್ಮದರ್ಶಕದಲ್ಲಿ ತೆಗೆದ ಕಣಗಳ ಚಿತ್ರ ಒಂದನ್ನು ಕಳಿಸಿ, ಅಚ್ಚು ಹಾಕುತ್ತೇವೆ ಎಂದು ಬರೆದಿದ್ದರು. ಆ ಯಂತ್ರ ತುಮಕೂರಿನಲ್ಲಿಲ್ಲ. ಚೆನ್ನೈಯ ಒಂದು ಸಂಸ್ಥೆಯಲ್ಲಿ ಜಾಗ ಸಿಕ್ಕಿತು. ನನ್ನ ಮಾರ್ಗದರ್ಶಕರು, ಅಂದರೆ ನಮ್ಮ ಸರ್, ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿಬಿಟ್ಟಿದ್ದರು: ಕಾಲೇಜಿನಲ್ಲಿ ಒಂದು ಸಣ್ಣ ಸನ್ಮಾನಕ್ಕೆ ದಿನ ಕೂಡ ಗೊತ್ತಾಗಿತ್ತು.

ರೈಲಿನಲ್ಲಿ ಎದುರು ಕೂತಿದ್ದ ಅಜ್ಜಿ ಬಾಟಲಿ ನೋಡಿ “ವಿಬೂದಿಯಾ?” ಅಂದರು. ಅಲ್ಲ ಎನ್ನಲು ನನಗೆ ತಮಿಳು ಬರಲಿಲ್ಲ. ತಲೆಯನ್ನು ಹೇಗೋ ಆಡಿಸಿದೆ. ಅವರು ಬಾಟಲಿ ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡು ವಾಪಸು ಕೊಟ್ಟರು. ಐದು ವರ್ಷದಲ್ಲಿ ನನ್ನ ಸಂಶೋಧನೆಗೆ ಸಿಕ್ಕ ಮೊದಲ ಗೌರವ ಅದು, ಸುಮ್ಮನಿದ್ದುಬಿಟ್ಟೆ.

ಪೆರಂಬೂರು

ನಾನು ಇಳಿದುಕೊಂಡದ್ದು ಪೆರಂಬೂರಿನಲ್ಲಿ, ಪದ್ಮಾ ಅವರ ಮನೆಯಲ್ಲಿ. ಆ ಸಂಸ್ಥೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಟೆಕ್ನಿಷಿಯನ್ ಆಗಿದ್ದವರು. ತಾತನ ಕಾಲದಲ್ಲೇ ಮದರಾಸಿಗೆ ಬಂದು ನೆಲೆಸಿದ ಮಾಧ್ವ ಮನೆತನ, ತಂದೆ ರೈಲ್ವೆ ಆಫೀಸಿನಲ್ಲಿದ್ದವರು. ಯಂತ್ರದ ಸರದಿಗಾಗಿ ಫೋನ್ ಮಾಡಿದಾಗ ನನ್ನ ಕನ್ನಡ ಕೇಳಿದ್ದೇ “ಹಾಸ್ಟೆಲ್ಲು ಗೀಸ್ಟೆಲ್ಲು ಒಂದೂ ವೇಂಡಾ, ನಮ್ಮ ಮನೆಗೇ ಬಂದುಬಿಡುಂಗ” ಅಂದಿದ್ದರು. ಮನೆಯಲ್ಲಿ ಅವರು ಮತ್ತು ಎಪ್ಪತ್ತೆಂಟು ವರ್ಷದ ತಾಯಿ ಕಮಲಮ್ಮ, ಇಬ್ಬರೇ. ಪದ್ಮಾ ಬಾಯಲ್ಲಿ ಕನ್ನಡ ಶುರುವಾಗಿ ತಮಿಳಿನಲ್ಲಿ ಮುಗಿಯುತ್ತಿತ್ತು, ನಡುವೆ ಇಂಗ್ಲಿಷು. ಮೊದಲ ದಿನ ಅರ್ಧ ಅರ್ಥವಾಯಿತು. ಎರಡನೇ ದಿನ ಮುಕ್ಕಾಲು. ಮೂರನೇ ದಿನ ನಾನೇ “ಪರವಾಯಿಲ್ಲೆ” ಅನ್ನತೊಡಗಿದ್ದೆ.

ಆ ವರ್ಷ ಚೆನ್ನೈಗೆ ನೀರಿರಲಿಲ್ಲ. ನಮ್ಮ ಕಡೆಯೂ ನೀರಿನ ಕಷ್ಟ ಗೊತ್ತಿಲ್ಲದ್ದೇನಲ್ಲ. ಆದರೆ ನಮ್ಮಲ್ಲಿ ನಲ್ಲಿಯ ಮುಂದೆ ಜಗಳಕ್ಕೆ ಜನ ನಿಲ್ಲುತ್ತಾರೆ, ಇಲ್ಲಿ ಕೊಡಗಳು ನಿಲ್ಲುತ್ತವೆ. ಬೆಳಗ್ಗೆ ಬಾಗಿಲು ತೆರೆದರೆ ಬೀದಿಯುದ್ದಕ್ಕೂ ಹಸಿರು, ಕೆಂಪು, ನೀಲಿ ಪ್ಲಾಸ್ಟಿಕ್ ಕೊಡಗಳ ಸಾಲು, ಮನುಷ್ಯರು ಒಬ್ಬರೂ ಇಲ್ಲ. ಕೊಡ ನಿಂತರೆ ಅದರ ಯಜಮಾನಿ ನಿಂತಂತೆ. ಅದನ್ನು ಒಂದು ಗೇಣು ಆಚೆ ಸರಿಸುವ ಧೈರ್ಯ ಯಾರಿಗೂ ಇಲ್ಲ. ಲಾರಿಯ ಹಾರನ್ ಕೇಳಿದರೆ ಮಾತ್ರ ಬಾಗಿಲುಗಳಿಂದ ಹೆಂಗಸರು ಉದುರುತ್ತಿದ್ದರು. ತುಮಕೂರಿನಲ್ಲಿ ಹೀಗೆ ಕೊಡ ಇಟ್ಟು ಒಳಗೆ ಹೋದರೆ ಸಾಯಂಕಾಲಕ್ಕೆ ಕೊಡವೂ ಇರುವುದಿಲ್ಲ.

ಇಂಥ ಮನೆಗೆ ನೆಂಟಳಾಗಿ ಬಂದೆನಲ್ಲ ಎಂದು ನನಗೆ ಸಂಕೋಚ. ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿದೆ. ಉಂಡ ತಟ್ಟೆಯನ್ನು ನಾನೇ ಸೋಪು ಹಚ್ಚಿ, ಒಂದು ಚೊಂಬು ನೀರನ್ನು ಮೂರು ಪಾಲು ಮಾಡಿ ತೊಳೆದಿಟ್ಟೆ. ಹಿಂತಿರುಗಿ ನೋಡಿದರೆ ಕಮಲಮ್ಮ ಆ ತಟ್ಟೆಯನ್ನು ಎತ್ತಿಕೊಂಡು ಹೋಗಿ ಮತ್ತೆ ತೊಳೆಯುತ್ತಿದ್ದರು. ಮಡಿ ಹೆಂಗಸು. ಬಂದ ದಿನವೇ “ನೀವು ಯಾವ ಪೈಕಿಯಮ್ಮಾ?” ಎಂದು ಕೇಳಿ ತಿಳಿದುಕೊಂಡಿದ್ದರು. ನನ್ನ ಮನಸ್ಸಿಗೆ ಚುರುಕ್ ಎಂದಿತು.

ಲ್ಯಾಬು

ಪೆರಂಬೂರಿನಿಂದ ಸೆಂಟ್ರಲ್‌ಗೆ ಒಂದು ರೈಲು, ರಸ್ತೆ ದಾಟಿ ಇನ್ನೊಂದು ರೈಲು, ಆಮೇಲೆ ಬಸ್ಸು. ಹೆಂಗಸರ ಡಬ್ಬಿಯಲ್ಲಿ ಒಬ್ಬಾಕೆ ಮಡಿಲಲ್ಲಿ ಸೆರಗು ಹರಡಿ ಹುರುಳಿಕಾಯಿ ಮುರಿಯುತ್ತಿದ್ದಳು. ಇನ್ನೊಬ್ಬಳು ಮಲ್ಲಿಗೆ ಕಟ್ಟುತ್ತಿದ್ದಳು. ಮೂರನೆಯವಳು ಪರಿಚಯವಿಲ್ಲದ ಮೊದಲನೆಯವಳ ಕಾಯಲ್ಲಿ ಅರ್ಧ ಎತ್ತಿಕೊಂಡು ತಾನೂ ಮುರಿದುಕೊಟ್ಟು ಇಳಿದುಹೋದಳು. ಒಂದು ಮಾತಿಲ್ಲ, ಒಂದು ನಗೆಯಿಲ್ಲ. ನಮ್ಮ ಕಡೆ ಇಷ್ಟಕ್ಕೆ ಮಗಳ ಮದುವೆಯ ಸುದ್ದಿಯವರೆಗೂ ಹೋಗಿರುತ್ತಿದ್ದೆವು.

ಯಂತ್ರದ ಸರದಿ ನನಗೆ ಗುರುವಾರ. ಅಲ್ಲಿಯವರೆಗೆ ಹೊತ್ತು ಹೋಗಲಿ ಎಂದು ಪದ್ಮಾ ನನ್ನ ಪ್ರಯೋಗದ ಹಳೆಯ ಫೋಟೋಗಳನ್ನು ನೋಡುತ್ತ ಕೂತರು. ಅವುಗಳಲ್ಲಿ ಒಂದು ನನಗೆ ಮಕ್ಕಳ ಫೋಟೋಗಿಂತ ಹೆಚ್ಚು. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಗಟ್ಟಿ ಗಂಜಿ, ಅದರ ಮೇಲೆ ಮಂಜಿನಂತೆ ಹರಡಿದ ಕರುಳಿನ ಬ್ಯಾಕ್ಟೀರಿಯಾ, ನಡುವಿನ ಗುಳಿಯಲ್ಲಿ ನಮ್ಮ ಪುಡಿ ಕದಡಿದ ನೀರು. ಗುಳಿಯ ಸುತ್ತ ಬಳೆಯಷ್ಟು ಅಗಲದ ಸ್ವಚ್ಛ ವೃತ್ತ. ಅಲ್ಲಿ ಒಂದು ಜೀವಿಯೂ ಇಲ್ಲ. ನಮ್ಮ ಲೇಖನ ನಿಂತಿದ್ದೇ ಆ ವೃತ್ತದ ಮೇಲೆ.

ಪದ್ಮಾ ಕನ್ನಡಕ ಮೇಲೆ ಸರಿಸಿದರು. “ಮಂಗಳಾ, ಈ ಪುಡಿ ನೀರಲ್ಲಿ ಕರಗಲ್ಲ ತಾನೇ?”

“ಇಲ್ಲ, ಹೆಚ್ಚುಕಡಿಮೆ ಕರಗೋದೇ ಇಲ್ಲ.”

“ಹಾಗಾದ್ರೆ ಗುಳಿ ಬಿಟ್ಟು ಇಷ್ಟು ದೂರ ನಡೆದು ಹೋಗಿದ್ದು ಯಾರು?”

ಕೇಳಿದ ರೀತಿಯಲ್ಲಿ ಚುಚ್ಚುಮಾತೇನೂ ಇರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ದೊಡ್ಡ ದನಿಯಲ್ಲಿ ಮಾತಾಡತೊಡಗಿದೆ. ಕಣ ಅಷ್ಟು ಸಣ್ಣದಾದರೆ ಅದರ ನಡತೆಯೇ ಬೇರೆ, ನ್ಯಾನೋ ಅಂದರೆ ಹಾಗೆಯೇ ಎಂದೆಲ್ಲ ಹೇಳಿದೆ. ಆ ಕಾಲದಲ್ಲಿ ನ್ಯಾನೋ ಎಂದರೆ ಎಲ್ಲದಕ್ಕೂ ಉತ್ತರ ಸಿಗುತ್ತಿತ್ತು. “ಇರಬಹುದು, ಇರಬಹುದು” ಎಂದು ಪದ್ಮಾ ಟಿಫನ್ ಡಬ್ಬಿ ಬಿಚ್ಚಿ ನನಗೆ ಮೊಸರನ್ನ ಬಡಿಸಿದರು.

ತಟ್ಟೆ

ಮಂಗಳವಾರ ಸಾಯಂಕಾಲವೂ ಕಮಲಮ್ಮ ನನ್ನ ತಟ್ಟೆಯನ್ನು ಮತ್ತೆ ತೊಳೆಯಲು ಎತ್ತಿಕೊಂಡರು. ಲ್ಯಾಬಿನ ಸಿಟ್ಟೂ ಸೇರಿಕೊಂಡಿತ್ತೇನೋ, ಬಾಯಿ ತಡೆಯಲಿಲ್ಲ. “ಅಮ್ಮಾ, ನಾಳೆಯಿಂದ ನಾನು ಎಲೆ ತಂದ್ಕೊಂಡು ಅದರಲ್ಲೇ ಊಟ ಮಾಡ್ತೀನಿ. ನಿಮ್ಮ ಮಡಿಗೆ ತೊಂದರೆ ಬೇಡ” ಅಂದೆ.

ಕಮಲಮ್ಮ ನನ್ನನ್ನೇ ನೋಡಿದರು. ಆಮೇಲೆ ನನ್ನ ಕೈ ಹಿಡಿದು, ಬೆರಳನ್ನು ತಟ್ಟೆಯ ಮೇಲೆ ಇಟ್ಟು ಉಜ್ಜಿದರು. “ತೊಟ್ಟು ಪಾರು. ಜಾರ್ತದೆ ತಾನೇ?”

ಜಾರುತ್ತಿತ್ತು. ಸೋಪು ಹಾಗೆಯೇ ಇತ್ತು.

“ಮಡಿಯೂ ಅಲ್ಲ, ಒಂದೂ ಅಲ್ಲಮ್ಮ. ಮಡಿ ನನ್ನ ಅಡುಗೆ ಒಲೆ ಹತ್ರ, ನಿನ್ನ ತಟ್ಟೆ ಹತ್ರ ಎದಕ್ಕೆ? ತಣ್ಣಿ ಇಲ್ಲ ಹೇಳಿ ನೀನು ನೀರು ಮಿಚ್ಚ ಮಾಡ್ದೆ, ಉಳಿಸ್ದೆ. ಒಳ್ಳೇ ಮನಸ್ಸು. ಆದ್ರೆ ಸೋಪು ಹೊಟ್ಟೆಗೆ ಹೋಗೋದು ನಿನಗೇ ಅಲ್ವಾ?”

“ಮೂರು ಸಲ ತೊಳೆದಿದ್ದೆ ಅಮ್ಮಾ.”

“ಎಣಿಸೋದು ಎದಕ್ಕೆ? ಜಾರೋದು ನಿಲ್ಲೋ ವರೆಗೂ ತೊಳೀಬೇಕು. ಒಂದ್ಸಲಕ್ಕೆ ನಿಂತ್ರೆ ಒಂದು, ಹತ್ತು ಸಲ ಆದ್ರೆ ಹತ್ತು.”

ನನಗೆ ನಾಚಿಕೆಯಾಯಿತು. ಮಡಿಯ ಮೇಲೆ ಕಟ್ಟಿದ್ದ ನನ್ನ ಸಿಟ್ಟೆಲ್ಲ ಸೋಪಿನ ಜೊತೆ ಜಾರಿಹೋಯಿತು. ಅಲ್ಲಿಗೇ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಕೈ ಒರೆಸಿಕೊಳ್ಳುತ್ತಿದ್ದಂತೆ ಇನ್ನೊಂದು ನೆನಪಾಗಿ ಬಾಗಿಲ ಚೌಕಟ್ಟು ಹಿಡಿದು ನಿಂತೆ.

ನಮ್ಮ ಪುಡಿ ತಯಾರಾಗುವುದು ಸತುವಿನ ಲವಣದ ದ್ರಾವಣಕ್ಕೆ ಕಾಸ್ಟಿಕ್ ಸೋಡಾ ಸುರಿದು. ತಳಕ್ಕೆ ಕೂತ ಬಿಳಿ ಗಷ್ಟನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು ಒಣಗಿಸಬೇಕು, ಸೋಡಾ ಉಳಿಯಬಾರದು; ಉಳಿದರೆ ಅದು ನೀರಲ್ಲಿ ಕರಗಿ ಹರಡಿ ತಾನೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ನಮ್ಮ ಲ್ಯಾಬಿನ ಬಟ್ಟಿ ಯಂತ್ರ ಕೆಟ್ಟು ಎಷ್ಟೋ ಕಾಲವಾಗಿತ್ತು. ಊರಿನ ಬ್ಯಾಟರಿ ಅಂಗಡಿಯಿಂದ ಕ್ಯಾನಿನಲ್ಲಿ ತಂದ ಬಟ್ಟಿ ನೀರನ್ನು ಮೂರು ವಿಭಾಗದವರು ಹಂಚಿಕೊಳ್ಳುತ್ತಿದ್ದೆವು. ಪುಸ್ತಕದಲ್ಲಿ ಮೂರು ಸಲ ತೊಳೆಯಿರಿ ಎಂದಿತ್ತು. ನಾನು ಒಂದೊಂದು ಲೋಟದಲ್ಲಿ ಮೂರು ಸಲ ತೊಳೆದಿದ್ದೆ. ನೀರುಳಿಸಿದ್ದಕ್ಕೆ ಸರ್ ಹೊಗಳಿದ್ದರು.

ಕಾಗದ ನೀಲಿಯಾದದ್ದು

ಬುಧವಾರ ಬೆಳಗ್ಗೆ ಪದ್ಮಾಗೆ ಎಲ್ಲವನ್ನೂ ಹೇಳಿದೆ. ಅವರು “ಓಹೋ” ಅನ್ನಲಿಲ್ಲ, “ನಾನು ಹೇಳಿದ್ನಲ್ಲ” ಅನ್ನಲಿಲ್ಲ. ಚಿಟಿಕೆ ಪುಡಿಯನ್ನು ನೀರಲ್ಲಿ ಕದಡಿ, ಸೋಸಿ, ಆ ತಿಳಿನೀರಿಗೆ ಕ್ಷಾರ ತೋರಿಸುವ ಪರೀಕ್ಷೆಯ ಕಾಗದ ಅದ್ದಿದರು. ಹಳದಿ ಕಾಗದ ಕಡು ನೀಲಿಯಾಯಿತು.

“ಇಷ್ಟರಲ್ಲೇ ತೀರ್ಮಾನ ವೇಂಡಾ” ಎಂದು ಎರಡು ತಟ್ಟೆ ಇಟ್ಟರು. ಒಂದರ ಗುಳಿಯಲ್ಲಿ ನನ್ನ ಪುಡಿ. ಇನ್ನೊಂದರಲ್ಲಿ ಪುಡಿಯ ಒಂದು ಕಣವೂ ಇಲ್ಲದ, ಆ ಸೋಸಿದ ನೀರು ಮಾತ್ರ. ಗುರುವಾರ ತೆಗೆದು ನೋಡಿದರೆ ಎರಡರಲ್ಲೂ ಬಳೆಯಗಲದ ವೃತ್ತ. ಅಳತೆಪಟ್ಟಿ ಇಟ್ಟರೂ ವ್ಯತ್ಯಾಸ ಸಿಗಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ಐದು ವರ್ಷ ನಾನು ಹಾಲೆಂದು ಕಾಯಿಸಿದ್ದು ಸೋಡಾ ನೀರನ್ನು.

ಅದೇ ದಿನ ಮಧ್ಯಾಹ್ನ ದೊಡ್ಡ ಯಂತ್ರದ ಸರದಿ. ಚಿತ್ರ ಬಹಳ ಚೆನ್ನಾಗಿ ಬಂತು. ಸಬ್ಬಕ್ಕಿ ಚೆಲ್ಲಿದಂತೆ ಸಣ್ಣ ಸಣ್ಣ ಗುಂಡು ಕಣಗಳು. ಪತ್ರಿಕೆಯವರು ಕೇಳಿದ್ದು ಅಷ್ಟೇ. ಅದನ್ನು ಲಕೋಟೆಗೆ ಹಾಕಿದರೆ ಲೇಖನ ಅಚ್ಚಾಗುತ್ತಿತ್ತು, ಡಿಸೆಂಬರಿಗೆ ನಾನು ಡಾಕ್ಟರ್ ಮಂಗಳಾ ಆಗುತ್ತಿದ್ದೆ.

ಬೆಸೆಂಟ್ ನಗರ

ಪುಡಿಯನ್ನು ಸರಿಯಾಗಿ ತೊಳೆದು ಮತ್ತೆ ಪರೀಕ್ಷಿಸೋಣ ಎಂದರೆ ಲ್ಯಾಬಿನಲ್ಲಿ ನೀರಿಲ್ಲ. ಲಾರಿ ಬಂದಿರಲಿಲ್ಲ, ಬಟ್ಟಿ ಯಂತ್ರ ಒಣಗಿ ಕೂತಿತ್ತು. ಪದ್ಮಾ ನನ್ನನ್ನು ಬೆಸೆಂಟ್ ನಗರದ ಕಡಲ ದಂಡೆಗೆ ಕರೆದುಕೊಂಡು ಹೋದರು. ಇಷ್ಟು ನೀರು, ಒಂದು ಬಾಟಲಿ ಪುಡಿ ತೊಳೆಯಲು ಉಪಯೋಗವಿಲ್ಲ. ಸುತ್ತ ಜನ ಆರಾಮಾಗಿ ಸುಂಡಲ್ ತಿನ್ನುತ್ತಿದ್ದರು. ಮನೆಯಲ್ಲಿ ಸ್ನಾನಕ್ಕೆ ನೀರಿಲ್ಲದ ಊರಿನವರು ಸೀರೆ ಎತ್ತಿ ಹಿಡಿದು ಅಲೆಗೆ ಕಾಲೊಡ್ಡಿ ನಗುತ್ತಿದ್ದರು. ಚೆನ್ನೈಯವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿ.

“ಪದ್ಮಾ, ನೀವಾಗಿದ್ರೆ ಏನ್ಮಾಡ್ತಿದ್ರಿ?” ಅಂದೆ.

“ನಾನು ಟೆಕ್ನಿಷಿಯನ್ನು. ನನ್ನ ಹೆಸರು ಯಾವ ಪೇಪರಲ್ಲೂ ಬರಲ್ಲ, ಅದರಿಂದ ಹೇಳೋದು ನನಗೆ ಸುಲಭ.” ಕಾಲಿಗಂಟಿದ ಮರಳು ಕೊಡವಿಕೊಂಡು, “ನೀವು ಫೋಟೋ ತೊಗೊಂಡು ಊರಿಗೆ ಹೋದ್ರೆ ನಾನು ಯಾರ ಹತ್ರವೂ ಹೇಳಲ್ಲ. ಪ್ರಾಮಿಸ್” ಅಂದರು.

ಅವರು ಹಾಗೆ ಹೇಳದೆ ನನಗೆ ನಾಲ್ಕು ಬುದ್ಧಿ ಹೇಳಿದ್ದರೆ ಬಹುಶಃ ಫೋಟೋ ಎತ್ತಿಕೊಂಡು ಹೊರಟೇಬಿಡುತ್ತಿದ್ದೆ. ನನ್ನ ಸ್ವಭಾವವೇ ಅಂಥದ್ದು, ಬುದ್ಧಿ ಹೇಳಿದವರ ಎದುರು ನಿಲ್ಲುತ್ತೇನೆ. ಬಿಡುಗಡೆ ಕೊಟ್ಟವರ ಎದುರು ನಿಲ್ಲುವುದು ಹೇಗೆಂದು ತಿಳಿಯಲಿಲ್ಲ. ಯಾರಾದರೂ ಡಾಕ್ಟರು ನಮ್ಮ ಲೇಖನ ಓದಿ, ಈ ಪುಡಿ ಗಾಯಕ್ಕೆ ಒಳ್ಳೆಯದು ಎಂದುಕೊಂಡರೆ? ಗಾಯದ ಮೇಲೆ ಸೋಡಾ ಬಿದ್ದರೆ ಹೇಗಿರುತ್ತದೆ ಎಂದು ಬಟ್ಟೆ ಒಗೆದ ಯಾವ ಹೆಂಗಸಿಗೂ ಗೊತ್ತು.

“ಲಾರಿ ಯಾವಾಗ ಬರತ್ತೆ?” ಅಂದೆ.

ಲಾರಿ ಬಂದ ದಿನ

ಶುಕ್ರವಾರ ಹತ್ತು ಗಂಟೆಗೆ ಬಂತು. ಇಡೀ ಸಂಸ್ಥೆಯಲ್ಲಿ ಹಬ್ಬದ ಕಳೆ. ದೊಡ್ಡ ದೊಡ್ಡ ವಿಜ್ಞಾನಿಗಳೂ ಒಂದು ನೆಪ ಮಾಡಿಕೊಂಡು ಹೊರಬಂದು ಪೈಪು ನೋಡಿ ಹೋದರು. ಪದ್ಮಾ ಬಟ್ಟಿ ಯಂತ್ರದ ಪಕ್ಕ ತಮ್ಮ ಕ್ಯಾನು ಮೊದಲೇ ಸಾಲಿಗಿಟ್ಟಿದ್ದರು. ಅಲ್ಲಿಯೂ ಪೆರಂಬೂರಿನ ನ್ಯಾಯವೇ, ಯಾರೂ ಸರಿಸಲಿಲ್ಲ.

ತೊಳೆದೆವು. ಕದಡಿ, ಕೂರಿಸಿ, ನೀರು ಬಗ್ಗಿಸಿ, ಕಾಗದ ಅದ್ದಿದೆವು. ನಾಲ್ಕನೇ ಸಲಕ್ಕೂ ನೀಲಿ. ಏಳನೇ ಸಲಕ್ಕೆ ಹಸಿರು. ಹನ್ನೊಂದನೇ ಸಲಕ್ಕೆ ಕಾಗದ ಹಳದಿಯಾಗಿಯೇ ಉಳಿಯಿತು. ಅಷ್ಟರಲ್ಲಿ ಅರ್ಧ ಪುಡಿ ನೀರಿನ ಜೊತೆ ಹೋಗಿತ್ತು. ಉಳಿದದ್ದನ್ನು ಒಣಗಿಸಿ ಮಧ್ಯಾಹ್ನ ಎರಡು ಬಗೆಯಲ್ಲಿ ಪರೀಕ್ಷೆಗೆ ಇಟ್ಟೆವು. ಒಂದು ಹಳೆಯ ಗುಳಿಯ ತಟ್ಟೆ. ಇನ್ನೊಂದು ಪದ್ಮಾ ಸೂಚಿಸಿದ್ದು: ಬ್ಯಾಕ್ಟೀರಿಯಾ ಇರುವ ನೀರಿಗೇ ಪುಡಿ ಹಾಕಿ ಕುಲುಕುತ್ತಿದ್ದರೆ ಕಣ ನಡೆದು ಹೋಗಬೇಕಾಗಿಲ್ಲ, ಜೀವಿಗಳೇ ಬಂದು ತಾಗುತ್ತವೆ. ಕೆಲವು ಗಂಟೆಯ ನಂತರ ಆ ನೀರನ್ನು ತಟ್ಟೆಗೆ ಸವರಿ, ಬದುಕಿ ಉಳಿದವು ಎಷ್ಟೆಂದು ಮರುದಿನ ನೋಡುವುದು. ಹೋಲಿಕೆಗೆ ಒಂದರಲ್ಲಿ ಪುಡಿಯೇ ಇಲ್ಲ, ಇನ್ನೊಂದರಲ್ಲಿ ಅಂಗಡಿಯ ದಪ್ಪ ಪುಡಿ.

ಶನಿವಾರ ಗುಳಿಯ ತಟ್ಟೆ ತೆಗೆದೆ. ವೃತ್ತ ಇರಲಿಲ್ಲ. ಗುಳಿಯ ಅಂಚಿನವರೆಗೂ ಬ್ಯಾಕ್ಟೀರಿಯಾ ಹಾಯಾಗಿ ಬೆಳೆದಿದ್ದವು. ಬೆಳಕಿಗೆ ಹಿಡಿದು ನೋಡಿದೆ, ತಿರುಗಿಸಿ ನೋಡಿದೆ. ಕಣ್ಣಲ್ಲಿ ನೀರು ಬರಲಿಲ್ಲ.

“ಇನ್ನೂ ಮೂರು ತಟ್ಟೆ ಇವೆ, ಬನ್ನಿ” ಎಂದು ಪದ್ಮಾ ಮಾರ್ಕರ್ ಪೆನ್ನು ಕೊಟ್ಟರು. ಪುಡಿ ಇಲ್ಲದ ತಟ್ಟೆಯಲ್ಲಿ ಚುಕ್ಕೆಗಳು ಎಣಿಸಲಾರದಷ್ಟು. ದಪ್ಪ ಪುಡಿಯದರಲ್ಲೂ ಕಿಕ್ಕಿರಿದಿದ್ದವು. ನಮ್ಮ ನುಣ್ಣನೆಯ, ಹನ್ನೊಂದು ಸಲ ತೊಳೆದ ಪುಡಿಯ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಅವರು ತಮಿಳಿನಲ್ಲಿ, ನಾನು ಕನ್ನಡದಲ್ಲಿ ಎಣಿಸಿದೆವು. ಎರಡು ಭಾಷೆಯಲ್ಲೂ ಮೂವತ್ತೆರಡೇ ಬಂತು. ಪುಡಿ ಕೊಲ್ಲುತ್ತಿತ್ತು. ನಾವು ಹೇಳಿದಷ್ಟು ದೂರದಿಂದ ಅಲ್ಲ, ಮುಟ್ಟಿದಾಗ. ನಾವು ಕೊಚ್ಚಿಕೊಂಡ ಹಾಗೆ ಒಂದೂ ಬಿಡದೆ ಅಲ್ಲ, ಬಹುಪಾಲು. ಒಂದೇ ಸಲದ ಲೆಕ್ಕ ಲೆಕ್ಕವಲ್ಲ, ಇದನ್ನು ಊರಲ್ಲಿ ಹತ್ತು ಸಲ ಮಾಡಿ ನೋಡಬೇಕು, ಅಂದರೆ ಇನ್ನೂ ಎರಡು ವರ್ಷ.

ಮತ್ತೆ ಸೆಂಟ್ರಲ್

ಭಾನುವಾರ ಮಧ್ಯಾಹ್ನದ ರೈಲು. ಕಮಲಮ್ಮ ಪುಳಿಯೋಗರೆ ಕಟ್ಟಿಕೊಟ್ಟಿದ್ದರು. ಪದ್ಮಾ ನಿಲ್ದಾಣಕ್ಕೆ ಬಂದಿದ್ದರು. ಊರಿಗೆ ಹೋಗಿ ಎದುರಿಗೇ ಹೇಳೋಣ ಎಂದು ಎರಡು ದಿನದಿಂದ ಮುಂದೂಡುತ್ತಿದ್ದೆ. ಎದುರಿಗೆ ನಿಂತರೆ ನನ್ನ ಬಾಯಿ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ರೈಲಿಗೆ ಅರ್ಧ ಗಂಟೆ ಇರುವಾಗ ಫೋನ್ ಬೂತಿಗೆ ಹೋಗಿ ಸರ್ ಮನೆಗೆ ಮಾಡಿದೆ.

“ಫೋಟೋ ಹೇಗೆ ಬಂತಮ್ಮಾ?” ಅಂದರು.

“ಫೋಟೋ ಚೆನ್ನಾಗಿದೆ ಸರ್. ವೃತ್ತ ಸುಳ್ಳು.” ಒಂದೇ ಉಸಿರಿಗೆ ಹೇಳಿದೆ, ಸೋಡಾ, ಸೋಸಿದ ನೀರು, ಹನ್ನೊಂದು ಸಲ, ಮೂವತ್ತೆರಡು. “ಲೇಖನ ವಾಪಸು ತೊಗೋಬೇಕು ಸರ್. ತೊಳೆದವಳು ನಾನು, ತಪ್ಪು ನನ್ನದು. ಪತ್ರ ನಾನೇ ಬರೀತೀನಿ, ನಿಮ್ಮ ಹೆಸರು ಬೇಡ.”

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಅವರ ದನಿ ಬಂತು, ಕ್ಲಾಸಿನಲ್ಲಿ ನೋಟ್ಸ್ ಹೇಳುವಾಗಿನ ದನಿ. “ಪೆನ್ನಿದೆಯಾ? ಬರ್ಕೊಳ್ಳಿ.”

ರೈಲಿನ ಟಿಕೆಟಿನ ಜೊತೆಯಿದ್ದ ಲಕೋಟೆಯ ಬೆನ್ನಿಗೆ ಬರೆದುಕೊಂಡೆ. ಸಂಪಾದಕರಿಗೆ ನಾಲ್ಕೇ ಸಾಲು. ನಮ್ಮ ಪುಡಿ ಸರಿಯಾಗಿ ತೊಳೆದಿರಲಿಲ್ಲ, ಕಂಡ ಪರಿಣಾಮ ಉಳಿದ ಕ್ಷಾರದ್ದು, ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ, ಕ್ಷಮಿಸಿ.

“ಕೆಳಗೆ ನನ್ನ ಹೆಸರು ಹಾಕ್ತೀನಿ ಸರ್” ಅಂದೆ.

“ಲೇಖನದಲ್ಲಿ ಯಾರ ಹೆಸರು ಮೊದಲು ಹಾಕಿದ್ವಿ?”

“ನಿಮ್ಮದು ಸರ್.”

“ಇದರಲ್ಲೂ ಅದೇ ಮೊದಲಿರಲಿ. ಹುಷಾರಾಗಿ ಬಾಮ್ಮ” ಎಂದು ಫೋನಿಟ್ಟರು.

ಬೂತಿನ ಗಾಜಿನ ಬಾಗಿಲು ತಳ್ಳಿ ಹೊರಗೆ ಬಂದಾಗ ನನ್ನ ಮುಖ ನೋಡಿ ಪದ್ಮಾ ಓಡಿ ಬಂದರು. “ಎನ್ನ ಆಚ್ಚು? ಬೈದ್ರಾ?”

“ಇಲ್ಲ ಪದ್ಮಾ, ಬೈಲಿಲ್ಲ” ಅಂದೆ. ಬೈದಿದ್ದರೆ ನಾನು ಸೆಂಟ್ರಲ್ ಸ್ಟೇಷನ್ನಿನಲ್ಲಿ ಅಷ್ಟು ಜನರ ಮಧ್ಯೆ ಹಾಗೆ ಅಳುತ್ತಿರಲಿಲ್ಲ.